ಕರುಣೆ ಮತ್ತು ಪರೀಕ್ಷೆ: ಯಕೃದ್ರೋಗಗಳ ಚಿಕಿತ್ಸಾ ಸಂಶೋಧನೆಯ ಇತಿಹಾಸದಿಂದ

ರೋಗಿಯೊಬ್ಬನು ರಕ್ತವನ್ನು ಕಾರುತ್ತ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದಾಗ ವೈದ್ಯನಿಗೆ ದೀರ್ಘಾಲೋಚನೆಗೆ ಅವಕಾಶವಿರುವುದಿಲ್ಲ. ರೋಗಿಯ ಮೈ ತಣ್ಣಗಾಗುತ್ತಿರುತ್ತದೆ, ನಾಡಿ ಕ್ಷೀಣವಾಗಿ ಆದರೆ ವೇಗವಾಗಿ ಮಿಡಿಯುತ್ತಿರುತ್ತದೆ, ಬಂಧುಗಳು ಬಾಗಿಲ ಬಳಿ ಕಾತರರಾಗಿ ನಿಂತಿರುತ್ತಾರೆ. ಏನನ್ನಾದರೂ ಮಾಡಬೇಕು, ಬೇಗನೆ ಮಾಡಬೇಕು ಎಂಬುದೇ ಆ ಗಳಿಗೆಯ ಧರ್ಮವಾಗಿ ತೋರುತ್ತದೆ. ವೈದ್ಯನ ಈ ಧಾವಂತದ ಮೂಲದಲ್ಲಿರುವುದು ಕರುಣೆಯೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕರುಣೆಯಿಂದ ಮಾಡಿದ್ದೆಲ್ಲ ಹಿತವೇ ಆಗುತ್ತದೆಯೇ? ಕಳೆದ ಸುಮಾರು ನೂರು ವರ್ಷಗಳ ಯಕೃತ್ತಿನ ಹಾಗೂ ಜೀರ್ಣಾಂಗಗಳ ಚಿಕಿತ್ಸೆಯ ಇತಿಹಾಸವು ಈ ಪ್ರಶ್ನೆಗೆ ಕೊಟ್ಟ ಉತ್ತರವು ಹಲವು ಬಾರಿ ವೈದ್ಯಲೋಕದ ನಿರೀಕ್ಷೆಗೆ ವಿರುದ್ಧವಾಗಿತ್ತು.

ಈ ಇತಿಹಾಸವನ್ನು ಅರಿಯಲು ದೇಹರಚನೆಯ ಒಂದು ಅಂಶವನ್ನು ಮೊದಲು ತಿಳಿಯಬೇಕು. ಜಠರ, ಕರುಳು ಮತ್ತು ಗುಲ್ಮಗಳಿಂದ ಹೊರಟ ರಕ್ತವು ನೇರವಾಗಿ ಹೃದಯವನ್ನು ಸೇರುವುದಿಲ್ಲ. ಅದು ಪೋರ್ಟಲ್ ಅಭಿಧಮನಿ ಎಂಬ ದೊಡ್ಡ ನಾಳದ ಮೂಲಕ ಮೊದಲು ಯಕೃತ್ತನ್ನು ಹೊಕ್ಕು, ಅಲ್ಲಿ ಶೋಧಿತವಾಗಿ, ಅನಂತರ ಹೃದಯದತ್ತ ಸಾಗುತ್ತದೆ. ಮದ್ಯಪಾನದಿಂದಲೋ ಬಹುಕಾಲದ ವೈರಾಣುಸೋಂಕಿನಿಂದಲೋ ಯಕೃತ್ತು ಗಡುಸಾಗಿ ಗಂಟುಗಟ್ಟಿದಾಗ ಅದನ್ನು ಸಿರೋಸಿಸ್ ಎನ್ನುತ್ತಾರೆ. ಆಗ ರಕ್ತಕ್ಕೆ ದಾರಿ ಇಕ್ಕಟ್ಟಾಗಿ, ಪೋರ್ಟಲ್ ನಾಳದಲ್ಲಿ ಒತ್ತಡ ಏರುತ್ತದೆ. ಕಟ್ಟೆ ಕಟ್ಟಿದ ಹೊಳೆ ಪಕ್ಕದ ತೋಡುಗಳಿಗೆ ನುಗ್ಗುವಂತೆ ರಕ್ತವು ಅನ್ನನಾಳದ ಕೆಳತುದಿಯ ಸಣ್ಣ ಅಭಿಧಮನಿಗಳಿಗೆ ನುಗ್ಗುತ್ತದೆ. ಅವು ಉಬ್ಬಿ ಒಂದು ದಿನ ಒಡೆಯುತ್ತವೆ. ಜಠರದ ಅಥವಾ ಸಣ್ಣಕರುಳಿನ ಆರಂಭಭಾಗದ ಹುಣ್ಣಿನಿಂದ ಆಗುವ ರಕ್ತಸ್ರಾವ ಒಂದಾದರೆ, ಹೀಗೆ ಉಬ್ಬಿದ ನಾಳಗಳು ಒಡೆದು ಆಗುವ ರಕ್ತಸ್ರಾವ ಇನ್ನೊಂದು. ರಕ್ತವಾಂತಿಯ ಮುಖ್ಯ ಕಾರಣಗಳು ಇವೆರಡೇ. ಎರಡನೆಯದು ಹೆಚ್ಚು ಭಯಂಕರವಾದುದು.

ಮೊದಲನೆಯ ಬಗೆಯ ರಕ್ತಸ್ರಾವಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದ್ದ ಸರ್ವಮಾನ್ಯ ಚಿಕಿತ್ಸೆ ಉಪವಾಸ. ಹುಣ್ಣಿರುವ ಜಠರಕ್ಕೆ ವಿಶ್ರಾಂತಿ ಬೇಕು, ಆಹಾರ ಬಿದ್ದರೆ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು ಮತ್ತೆ ಸ್ರಾವವಾಗುತ್ತದೆ ಎಂಬುದು ಅದರ ತರ್ಕ. ರೋಗಿಗಳನ್ನು ಹಲವು ದಿನ ನಿರಾಹಾರರಾಗಿ ಇಟ್ಟು, ಬಳಿಕ ಸ್ವಲ್ಪ ಸ್ವಲ್ಪವೇ ಹಾಲು ಕೊಡುತ್ತಿದ್ದರು. ಕೋಪನ್‌ಹೇಗನ್ನಿನ ಬಿಸ್ಪೆಬ್ಯಾ ಆಸ್ಪತ್ರೆಯ ವೈದ್ಯ ಐನಾರ್ ಮ್ಯೂಲೆನ್‌ಗ್ರಾಕ್ಟ್ 1930ರ ದಶಕದಲ್ಲಿ ಇದಕ್ಕೆ ತದ್ವಿರುದ್ಧವಾಗಿ ನಡೆದನು. ರಕ್ತ ಕಾರಿದ ರೋಗಿಗಳಿಗೆ ಅವನು ಮೊದಲ ದಿನದಿಂದಲೇ ಮೆತ್ತಗೆ ಅರೆದ ಪೂರ್ಣಾಹಾರವನ್ನು ಕೊಟ್ಟನು. ರಕ್ತ ಕಳೆದುಕೊಂಡು ಬಳಲಿದ ದೇಹಕ್ಕೆ ಉಪವಾಸವೂ ಸೇರಿದರೆ ಅದು ಚೇತರಿಸಿಕೊಳ್ಳುವುದೆಂತು ಎಂಬುದು ಅವನ ಪ್ರಶ್ನೆ. ಅವನ ರೋಗಿಗಳಲ್ಲಿ ಮರಣದ ಪ್ರಮಾಣ ಬಹಳ ಕಡಿಮೆಯಾಗಿತ್ತು. 1935ರಲ್ಲಿ ಈ ಫಲಿತಾಂಶ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದಾಗ ವೈದ್ಯಲೋಕ ಬೆರಗಾಯಿತು. ತರ್ಕಕ್ಕೆ ಸರಿತೋರಿದ ಚಿಕಿತ್ಸೆ ವಾಸ್ತವದಲ್ಲಿ ಸರಿಯಾಗಿರಬೇಕೆಂದಿಲ್ಲ ಎಂಬುದಕ್ಕೆ ಇದು ಒಂದು ಆರಂಭದ ನಿದರ್ಶನ.

ಆದರೆ ಮ್ಯೂಲೆನ್‌ಗ್ರಾಕ್ಟನ ಸಾಕ್ಷ್ಯದಲ್ಲಿಯೂ ಒಂದು ಕೊರತೆಯಿತ್ತು. ಅವನು ತನ್ನ ರೋಗಿಗಳನ್ನು ಬೇರೆ ಕಾಲದ, ಬೇರೆ ಆಸ್ಪತ್ರೆಗಳ ರೋಗಿಗಳೊಡನೆ ಹೋಲಿಸಿದ್ದನು. ಸಮಾನರಾದ ರೋಗಿಗಳನ್ನು ಏಕಕಾಲದಲ್ಲಿ ಎರಡು ಗುಂಪುಗಳಾಗಿ ವಿಂಗಡಿಸಿ ಹೋಲಿಸುವ ಕ್ರಮ ಆಗ ಇನ್ನೂ ನೆಲೆಗೊಂಡಿರಲಿಲ್ಲ. ಈ ಕೊರತೆಯು ಎಷ್ಟು ದೂರ ದಾರಿ ತಪ್ಪಿಸಬಲ್ಲದು ಎಂಬುದನ್ನು ಎರಡನೆಯ ಬಗೆಯ ರಕ್ತಸ್ರಾವದ ಚಿಕಿತ್ಸೆಯ ಕಥೆ ತೋರಿಸುತ್ತದೆ.

ಆ ಕಥೆ ಆರಂಭವಾಗುವುದು 1877ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ನಿಕೊಲಾಯ್ ಎಕ್ ಎಂಬ ಸೈನಿಕ ವೈದ್ಯನು ನಾಯಿಗಳಲ್ಲಿ ಪೋರ್ಟಲ್ ಅಭಿಧಮನಿಯನ್ನು ಹೃದಯಕ್ಕೆ ಹೋಗುವ ಮಹಾ ಅಭಿಧಮನಿಗೆ ನೇರವಾಗಿ ಜೋಡಿಸಿದನು. ರಕ್ತವು ಯಕೃತ್ತನ್ನು ಹೊಗದೆ ಪಕ್ಕದಿಂದ ಸಾಗುವಂತೆ ಮಾಡುವುದು ಅವನ ಉದ್ದೇಶ. ಎಂಟು ನಾಯಿಗಳಲ್ಲಿ ಒಂದು ಮಾತ್ರ ಬಹುಕಾಲ ಬದುಕಿತು, ಅದೂ ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡು ಓಡಿಹೋಯಿತು. ಅದೇ ನಗರದಲ್ಲಿ ಇವಾನ್ ಪಾವ್ಲೊವ್ ಮತ್ತು ಅವನ ಸಹೋದ್ಯೋಗಿಗಳು ಈ ಶಸ್ತ್ರಕ್ರಿಯೆಯನ್ನು ಸುಧಾರಿಸಿ 1893ರಲ್ಲಿ ಒಂದು ಗಂಭೀರವಾದ ಸಂಗತಿಯನ್ನು ದಾಖಲಿಸಿದರು. ಹೀಗೆ ಯಕೃತ್ತನ್ನು ಬಳಸಿ ಸಾಗುವ ದಾರಿ ಮಾಡಿದ ನಾಯಿಗಳು ಮಾಂಸ ತಿಂದಾಗ ಉದ್ರೇಕಗೊಂಡು, ತೂರಾಡಿ, ಕೊನೆಗೆ ಪ್ರಜ್ಞೆ ತಪ್ಪುತ್ತಿದ್ದವು. ಯಕೃತ್ತು ಶೋಧಿಸಬೇಕಾಗಿದ್ದ ವಿಷಗಳು ನೇರವಾಗಿ ಮೆದುಳನ್ನು ತಲುಪುತ್ತಿದ್ದುದೇ ಇದಕ್ಕೆ ಕಾರಣ. ಮುಂದೆ ಮನುಷ್ಯರಲ್ಲಿ ಕಾಣಬಹುದಾದ ಹಾನಿಯ ಸೂಚನೆ ಅರ್ಧ ಶತಮಾನ ಮೊದಲೇ ದೊರೆತಿತ್ತು.

1945ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಅಲನ್ ವಿಪಲ್, ಆರ್ಥರ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ಇದೇ ತತ್ತ್ವದ ಷಂಟ್ ಶಸ್ತ್ರಕ್ರಿಯೆಯನ್ನು ಸಿರೋಸಿಸ್ ರೋಗಿಗಳಲ್ಲಿ ಮಾಡಿದ ವರದಿಗಳನ್ನು ಪ್ರಕಟಿಸಿದರು. ಒತ್ತಡ ಹೆಚ್ಚಿದ್ದರಿಂದ ನಾಳ ಒಡೆಯುತ್ತದೆ, ಷಂಟ್ ಮಾಡಿದರೆ ಒತ್ತಡ ಇಳಿಯುತ್ತದೆ, ಆದ್ದರಿಂದ ರೋಗಿ ಬದುಕುತ್ತಾನೆ ಎಂಬ ಈ ತರ್ಕಸರಣಿ ನಿರ್ದುಷ್ಟವಾಗಿ ಕಾಣುತ್ತಿತ್ತು. ತುರ್ತು ಸಂದರ್ಭದಲ್ಲಿ ಒಡೆದ ನಾಳವನ್ನು ಒಳಗಿನಿಂದ ಒತ್ತಿಹಿಡಿಯುವ ಬಲೂನ್ ನಳಿಕೆಯನ್ನು ರಾಬರ್ಟ್ ಸೆಂಗ್‌ಸ್ಟೇಕನ್ ಮತ್ತು ಬ್ಲೇಕ್‌ಮೋರ್ 1950ರಲ್ಲಿ ವರದಿ ಮಾಡಿದರು. ಅದು ಇಂದಿಗೂ ತಾತ್ಕಾಲಿಕ ಉಪಾಯವಾಗಿ ಉಳಿದುಕೊಂಡಿದೆ. ಬಲೂನಿನಿಂದ ರಕ್ತವನ್ನು ನಿಲ್ಲಿಸಿ, ಬಳಿಕ ಷಂಟ್ ಮಾಡುವುದು ದೊಡ್ಡ ಆಸ್ಪತ್ರೆಗಳ ಪದ್ಧತಿಯಾಯಿತು. ಇನ್ನೂ ರಕ್ತಸ್ರಾವವೇ ಆಗದವರಿಗೂ ಮುಂಜಾಗ್ರತೆಯಾಗಿ ಷಂಟ್ ಮಾಡಬೇಕೆಂಬ ವಾದವೂ ಹುಟ್ಟಿತು.

ಈ ಉತ್ಸಾಹವನ್ನು ಪ್ರಶ್ನಿಸಿದವರಲ್ಲಿ ಪ್ರಮುಖನು ಥಾಮಸ್ ಚಾಲ್ಮರ್ಸ್ (1917–1995). ಆತನ ಸಂಶಯ ಹುಟ್ಟಿದ್ದು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಲ್ಲ, ಯುದ್ಧಕಾಲದ ಒಂದು ಸೈನಿಕ ಆಸ್ಪತ್ರೆಯಲ್ಲಿ. ಕೊರಿಯಾ ಯುದ್ಧದ ಸಮಯದಲ್ಲಿ ಸೋಂಕಿನ ಕಾಮಾಲೆ ಬಂದ ಅಮೆರಿಕದ ಸೈನಿಕರನ್ನು ಜಪಾನಿನ ಕ್ಯೋಟೋ ನಗರಕ್ಕೆ ಸಾಗಿಸಲಾಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಮೆಡಿಟರೇನಿಯನ್ ಪ್ರದೇಶದ ಸೈನಿಕರನ್ನು ನೋಡಿದ್ದ ವೈದ್ಯರು, ಕಾಮಾಲೆಯ ರೋಗಿ ಬೇಗ ಎದ್ದು ಓಡಾಡಿದರೆ ರೋಗ ಮರುಕಳಿಸುತ್ತದೆ ಎಂದು ಬರೆದಿದ್ದರು. ಅದರಂತೆ ಕಟ್ಟುನಿಟ್ಟಾದ ಶಯ್ಯಾವಿಶ್ರಾಂತಿಯೇ ನಿಯಮವಾಗಿತ್ತು. ಸಾವಿರಾರು ಯುವಕರು ವಾರಗಟ್ಟಲೆ ಹಾಸಿಗೆಯಲ್ಲಿ ಬಿದ್ದಿರಬೇಕಾಗಿತ್ತು. ಚಾಲ್ಮರ್ಸ್ ಮತ್ತು ಸಹೋದ್ಯೋಗಿಗಳು ಈ ನಿಯಮವನ್ನೇ ಪರೀಕ್ಷೆಗೆ ಒಡ್ಡಿದರು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಪರೀಕ್ಷಿಸಿದ 1948ರ ಬ್ರಿಟಿಷ್ ಪ್ರಯೋಗವು ಯಾದೃಚ್ಛಿಕ ಹಂಚಿಕೆಯ ಕ್ರಮವನ್ನು ವೈದ್ಯಲೋಕಕ್ಕೆ ಪರಿಚಯಿಸಿತ್ತು. ಚೀಟಿ ಎತ್ತಿದಂತೆ, ಯಾವ ರೋಗಿ ಯಾವ ಗುಂಪಿಗೆ ಎಂಬುದನ್ನು ವೈದ್ಯನ ಇಷ್ಟಕ್ಕಾಗಲಿ ರೋಗಿಯ ಸ್ಥಿತಿಗಾಗಲಿ ಬಿಡದೆ ಆಕಸ್ಮಿಕಕ್ಕೆ ಒಪ್ಪಿಸುವ ಕ್ರಮವದು. ಹಾಗೆ ಮಾಡಿದಾಗ ಬಲಿಷ್ಠರೂ ದುರ್ಬಲರೂ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮವಾಗಿ ಬೀಳುತ್ತಾರೆ. ಕೊನೆಯಲ್ಲಿ ಕಂಡ ವ್ಯತ್ಯಾಸ ಚಿಕಿತ್ಸೆಯದೇ ಎಂದು ಹೇಳಲು ಆಧಾರ ಸಿಗುತ್ತದೆ.

1955ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಊಟದ ಬಳಿಕ ಸ್ವಲ್ಪ ಹೊತ್ತು ಮಲಗಿ, ಉಳಿದಂತೆ ಇಷ್ಟಬಂದಾಗ ಎದ್ದು ಓಡಾಡಿದವರು ಸದಾ ಮಲಗಿದ್ದವರಷ್ಟೇ ಚೆನ್ನಾಗಿ ಗುಣವಾದರು. ಚೆನ್ನಾಗಿ ಉಂಡವರು, ಅದರಲ್ಲಿಯೂ ಹೆಚ್ಚು ಪ್ರೋಟೀನು ಉಳ್ಳ ಆಹಾರ ತೆಗೆದುಕೊಂಡವರು, ಬೇಗ ಚೇತರಿಸಿಕೊಂಡರು. ಹತ್ತು ವರ್ಷಗಳ ಬಳಿಕ ಅದೇ ಸೈನಿಕರನ್ನು ಹುಡುಕಿ ಪರೀಕ್ಷಿಸಿದಾಗಲೂ ಬೇಗ ಎದ್ದವರ ಯಕೃತ್ತಿಗೆ ಹಾನಿಯಾದ ಕುರುಹು ಕಾಣಲಿಲ್ಲ. ಕಾಮಾಲೆ ಎಂದೊಡನೆ ಎಣ್ಣೆ, ತುಪ್ಪ, ಖಾರಗಳನ್ನೆಲ್ಲ ಬಿಡಿಸಿ ಗಂಜಿ ಮಜ್ಜಿಗೆಗಳ ಪಥ್ಯದಲ್ಲಿ ರೋಗಿಯನ್ನು ಕೃಶಗೊಳಿಸುವ ರೂಢಿ ಕನ್ನಡನಾಡಿನ ಮನೆಗಳಿಗೆ ಅಪರಿಚಿತವಲ್ಲ. ಆ ರೂಢಿಯನ್ನು ಬಲ್ಲವರಿಗೆ ಕ್ಯೋಟೋದ ಈ ಫಲಿತಾಂಶ ವಿಶೇಷವಾಗಿ ಚಿಂತನೀಯ.

ಈ ಲೇಖನದ ಪ್ರಭಾವ ಅನಿರೀಕ್ಷಿತವಾದ ಒಂದು ಕಡೆ ಫಲ ಕೊಟ್ಟಿತು. 1959ರಲ್ಲಿ ಷಿಕಾಗೋದಲ್ಲಿ ಅಂತಿಮ ವರ್ಷದ ವೈದ್ಯವಿದ್ಯಾರ್ಥಿಯಾಗಿದ್ದ ಡೇವಿಡ್ ಸ್ಯಾಕೆಟ್‌ನ ವಾರ್ಡಿನಲ್ಲಿ ಕಾಮಾಲೆಯಿಂದ ಬಳಲಿದ ಹದಿಹರೆಯದ ಹುಡುಗನೊಬ್ಬನಿದ್ದನು. ಕೆಲವು ದಿನಗಳಲ್ಲಿ ಚೇತರಿಸಿಕೊಂಡ ಹುಡುಗ ಎದ್ದು ಓಡಾಡಲು ಅನುಮತಿ ಕೇಳಿದನು. ಹಿರಿಯ ವೈದ್ಯರು ಒಪ್ಪಲಿಲ್ಲ. ಅವರ ನಿಲುವಿಗೆ ಆಧಾರವೇನೆಂದು ಗ್ರಂಥಾಲಯದಲ್ಲಿ ಹುಡುಕಿದ ಸ್ಯಾಕೆಟ್‌ಗೆ ಚಾಲ್ಮರ್ಸ್‌ನ ಲೇಖನ ದೊರೆಯಿತು. ಅದನ್ನು ತೋರಿಸಿ ಹಿರಿಯರ ಮನವೊಲಿಸಿ ಹುಡುಗನನ್ನು ಹಾಸಿಗೆಯಿಂದ ಬಿಡಿಸಿದನು. ಹುಡುಗ ಸುಖವಾಗಿ ಗುಣವಾದನು. ಈ ಸ್ಯಾಕೆಟ್ ಮುಂದೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಸಾಕ್ಷ್ಯಾಧಾರಿತ ವೈದ್ಯಪದ್ಧತಿಯ ಪ್ರವರ್ತಕರಲ್ಲಿ ಅಗ್ರಗಣ್ಯನಾದನು. ಆ ಲೇಖನವೇ ತನ್ನ ವೃತ್ತಿಯ ದಿಕ್ಕನ್ನು ಬದಲಿಸಿತೆಂದು ಅವನು ದಾಖಲಿಸಿದ್ದಾನೆ.

ಕ್ಯೋಟೋದಿಂದ ಮರಳಿದ ಚಾಲ್ಮರ್ಸ್ ಬಾಸ್ಟನ್ ನಗರದಲ್ಲಿ ಷಂಟ್ ಶಸ್ತ್ರಕ್ರಿಯೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡನು. 1966ರಲ್ಲಿ ಅವನು ಗ್ರೇಸ್ ಮತ್ತು ಮ್ಯುಂಚ್ ಎಂಬ ಸಹಲೇಖಕರೊಡನೆ ಷಂಟ್ ಕುರಿತು ಪ್ರಕಟವಾಗಿದ್ದ 51 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದನು. ಹೋಲಿಕೆಯ ಗುಂಪೇ ಇಲ್ಲದ ಅಧ್ಯಯನಗಳು 32. ಅವುಗಳಲ್ಲಿ 24 ಷಂಟನ್ನು ಬಹುವಾಗಿ ಹೊಗಳಿದ್ದವು. ಹೋಲಿಕೆಯ ಗುಂಪಿದ್ದರೂ ಯಾದೃಚ್ಛಿಕ ಹಂಚಿಕೆ ಇಲ್ಲದವು 15. ಅವುಗಳಲ್ಲಿ 10 ಹಾಗೆಯೇ ಹೊಗಳಿದ್ದವು. ಯಾದೃಚ್ಛಿಕ ಹಂಚಿಕೆ ಇದ್ದವು ಕೇವಲ ನಾಲ್ಕು. ಆ ನಾಲ್ಕರಲ್ಲಿ ಒಂದೂ ಹಾಗೆ ಹೊಗಳಿರಲಿಲ್ಲ. ಪರೀಕ್ಷೆಯ ಕ್ರಮ ಬಿಗಿಯಾದಷ್ಟೂ ಚಿಕಿತ್ಸೆಯ ಮಹಿಮೆ ಕರಗುತ್ತಿತ್ತು. ವೈದ್ಯಕೀಯ ಸಂಶೋಧನೆಯ ಇತಿಹಾಸದಲ್ಲಿ ಇಷ್ಟು ಚಿಕ್ಕ ಕೋಷ್ಟಕವೊಂದು ಇಷ್ಟು ದೊಡ್ಡ ಪಾಠವನ್ನು ಹೇಳಿದ ಉದಾಹರಣೆಗಳು ವಿರಳ.

ಆ 24 ಲೇಖನಗಳ ಕರ್ತೃಗಳು ಸುಳ್ಳುಗಾರರಾಗಿರಲಿಲ್ಲ. ಅವರು ಕಂಡದ್ದನ್ನೇ ಬರೆದಿದ್ದರು. ದೋಷವಿದ್ದುದು ಕಾಣುವ ಬಗೆಯಲ್ಲಿ. ದೊಡ್ಡ ಶಸ್ತ್ರಕ್ರಿಯೆಯನ್ನು ತಾಳಬಲ್ಲವರನ್ನೇ ಶಸ್ತ್ರವೈದ್ಯನು ಸಹಜವಾಗಿ ಆರಿಸುತ್ತಾನೆ. ರಕ್ತಸ್ರಾವವಾದ ಮೊದಲ ದಿನಗಳಲ್ಲಿಯೇ ತೀರಿಹೋದವರು ಅವನ ಮೇಜಿಗೆ ಬರುವುದೇ ಇಲ್ಲ. ಬದುಕುಳಿಯುವ ಸಾಮರ್ಥ್ಯ ಮೊದಲೇ ಇದ್ದವರ ಗುಂಪನ್ನು ಎಲ್ಲ ರೋಗಿಗಳ ಗುಂಪಿನೊಡನೆ ಹೋಲಿಸಿದರೆ ಶಸ್ತ್ರಕ್ರಿಯೆಗೆ ಜಯ ಖಚಿತ. ಬಾಸ್ಟನ್ನಿನ ಆಸ್ಪತ್ರೆಗಳು ಕೂಡಿ ನಡೆಸಿದ ಮುಂಜಾಗ್ರತಾ ಷಂಟ್ ಪ್ರಯೋಗದ ಅಂತಿಮ ವರದಿ 1969ರಲ್ಲಿ ಹೊರಬಂದಿತು. ಷಂಟ್ ಮಾಡಿಸಿಕೊಂಡವರಲ್ಲಿ ರಕ್ತಸ್ರಾವ ಕಡಿಮೆಯಾಗಿತ್ತು, ಆದರೆ ಅವರ ಆಯುಷ್ಯ ಹೆಚ್ಚಿರಲಿಲ್ಲ. ರಕ್ತಸ್ರಾವದಿಂದ ತಪ್ಪಿಸಿಕೊಂಡವರು ಯಕೃತ್ತಿನ ವೈಫಲ್ಯಕ್ಕೆ ತುತ್ತಾಗುತ್ತಿದ್ದರು. ಕೆಲವರಲ್ಲಿ ಪಾವ್ಲೊವನ ನಾಯಿಗಳಲ್ಲಿ ಕಂಡಂತಹ ಚಿತ್ತಭ್ರಮೆಯೂ ಕಾಣಿಸಿಕೊಂಡಿತು. ಸಾವಿನ ಕಾರಣ ಬದಲಾಗಿತ್ತೇ ಹೊರತು ಸಾವು ದೂರವಾಗಿರಲಿಲ್ಲ.

ಷಂಟ್‌ನ ವೈಭವದ ಕಾಲದಲ್ಲಿ ಮರೆಗೆ ಸರಿದಿದ್ದ ಒಂದು ಸರಳ ಉಪಾಯ ಮುಂದೆ ಮರಳಿ ಬೆಳಕಿಗೆ ಬಂದಿತು. ಸ್ವೀಡನ್ನಿನ ಕ್ರಾಫೋರ್ಡ್ ಮತ್ತು ಫ್ರೆಂಕ್ನರ್ 1939ರಲ್ಲಿಯೇ ಅನ್ನನಾಳದ ಒಳಗೆ ಗಟ್ಟಿಯಾದ ದರ್ಶಕನಳಿಕೆಯನ್ನು ಇಳಿಸಿ, ಉಬ್ಬಿದ ನಾಳಕ್ಕೆ ಕ್ವಿನೈನ್ ದ್ರಾವಣವನ್ನು ಚುಚ್ಚಿ ಅದನ್ನು ಮುಚ್ಚಿದ್ದರು. ಬಾಗುವ ಎಂಡೋಸ್ಕೋಪ್ ಬಂದ ಮೇಲೆ, 1970ರ ದಶಕದಲ್ಲಿ, ಈ ಚಿಕಿತ್ಸೆ ಪುನರ್ಜನ್ಮ ಪಡೆಯಿತು. 1980ರ ದಶಕದಲ್ಲಿ ಅಮೆರಿಕದ ಡೆನ್ವರ್ ನಗರದ ಗ್ರೆಗ್ ಸ್ಟೀಗ್‌ಮನ್ ಚುಚ್ಚುವುದರ ಬದಲು ಉಬ್ಬಿದ ನಾಳಕ್ಕೆ ಸಣ್ಣ ರಬ್ಬರ್ ಉಂಗುರವನ್ನು ತೊಡಿಸುವ ವಿಧಾನವನ್ನು ರೂಪಿಸಿದನು. ಎರಡು ವಿಧಾನಗಳನ್ನೂ ಹೋಲಿಸಿದ 1992ರ ಪ್ರಯೋಗದಲ್ಲಿ ಉಂಗುರದ ವಿಧಾನದಿಂದ ತೊಡಕುಗಳೂ ಮರಣಗಳೂ ಕಡಿಮೆಯೆಂದು ಕಂಡುಬಂದಿತು. ಈ ನಡುವೆ ಪ್ಯಾರಿಸ್ ಸಮೀಪದ ಬೋಜೋಂ ಆಸ್ಪತ್ರೆಯ ದಿದಿಯೆ ಲೆಬ್ರೆಕ್, ಹೃದಯದ ಕಾಯಿಲೆಗೆ ಕೊಡುತ್ತಿದ್ದ ಪ್ರೊಪ್ರನಲಾಲ್ ಎಂಬ ಅಗ್ಗದ ಮಾತ್ರೆ ಪೋರ್ಟಲ್ ಒತ್ತಡವನ್ನು ಇಳಿಸಿ ಮರುರಕ್ತಸ್ರಾವವನ್ನು ತಡೆಯುತ್ತದೆಂದು 1981ರಲ್ಲಿ 74 ರೋಗಿಗಳ ಯಾದೃಚ್ಛಿಕ ಪ್ರಯೋಗದಿಂದ ತೋರಿಸಿದನು.

ಭಾರತದ ಕೊಡುಗೆಯೂ ಇಲ್ಲಿ ಸ್ಮರಣೀಯ. ದೆಹಲಿಯ ಶಿವಕುಮಾರ್ ಸರೀನ್ ಅವರು ಜಠರದ ಉಬ್ಬಿದ ನಾಳಗಳಿಗೆ ರೂಪಿಸಿದ ವರ್ಗೀಕರಣವನ್ನು ಇಂದು ಜಗತ್ತಿನಾದ್ಯಂತ ಬಳಸುತ್ತಾರೆ. ಇನ್ನೂ ರಕ್ತಸ್ರಾವವಾಗದ ರೋಗಿಗಳಲ್ಲಿ ರಬ್ಬರ್ ಉಂಗುರವನ್ನೂ ಪ್ರೊಪ್ರನಲಾಲನ್ನೂ ಹೋಲಿಸಿ ಅವರ ತಂಡ ನಡೆಸಿದ ಪ್ರಯೋಗ 1999ರಲ್ಲಿ ಪ್ರಕಟವಾಯಿತು. ಹದಿನೆಂಟು ತಿಂಗಳಲ್ಲಿ ರಕ್ತಸ್ರಾವವಾಗುವ ಸಂಭಾವ್ಯತೆ ಮಾತ್ರೆಯ ಗುಂಪಿನಲ್ಲಿ ಶೇಕಡಾ 43 ಇದ್ದರೆ ಉಂಗುರದ ಗುಂಪಿನಲ್ಲಿ ಶೇಕಡಾ 15 ಇತ್ತು. ಆದರೆ ಮರಣದ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲವೆಂಬುದನ್ನೂ ಅದೇ ವರದಿ ಮುಚ್ಚಿಡದೆ ಹೇಳಿತು. ರಕ್ತ ನಿಂತಿತೇ ಎಂಬುದು ಒಂದು ಪ್ರಶ್ನೆ, ರೋಗಿ ಬದುಕಿದನೇ ಎಂಬುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ಕೇಳಬೇಕೆಂಬ ವಿವೇಕ ಷಂಟ್‌ನ ಅನುಭವದಿಂದ ಬಂದುದು.

ತುರ್ತು ಚಿಕಿತ್ಸೆಯಲ್ಲಿ ಅತ್ಯಂತ ಸಹಜವೆನಿಸುವ ಕ್ರಿಯೆ ರಕ್ತದಾನ. ರಕ್ತ ಹೋದವನಿಗೆ ರಕ್ತ ಕೊಡುವುದಕ್ಕಿಂತ ನಿರ್ವಿವಾದವಾದುದು ಇನ್ನೇನಿದ್ದೀತು? ಸ್ಪೇನಿನ ಬಾರ್ಸಿಲೋನಾ ನಗರದ ಸಂತ್ ಪಾವ್ ಆಸ್ಪತ್ರೆಯಲ್ಲಿ ಕಾಂದಿದ್ ವಿಲ್ಯಾನುಯೆವಾ ಮತ್ತು ಸಂಗಡಿಗರು ಇದನ್ನೂ ಪ್ರಶ್ನಿಸಿದರು. ರಕ್ತವಾಂತಿಯಿಂದಲೋ ಕಪ್ಪು ಮಲದಿಂದಲೋ ಆಸ್ಪತ್ರೆಗೆ ಬಂದ 921 ರೋಗಿಗಳನ್ನು ಎರಡು ಗುಂಪುಗಳಾಗಿ ಹಂಚಿದರು. ಒಂದು ಗುಂಪಿಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 9 ಗ್ರಾಮಿಗಿಂತ ಕೆಳಗಿಳಿದಾಗ ರಕ್ತ, ಇನ್ನೊಂದಕ್ಕೆ 7 ಗ್ರಾಮಿಗಿಂತ ಕೆಳಗಿಳಿದಾಗ ಮಾತ್ರ ರಕ್ತ. ಎರಡನೆಯ ಗುಂಪಿನ ಅರ್ಧದಷ್ಟು ಜನರಿಗೆ ರಕ್ತ ಕೊಡುವ ಪ್ರಸಂಗವೇ ಬರಲಿಲ್ಲ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆರು ವಾರಗಳ ಬಳಿಕ ಮಿತವಾಗಿ ರಕ್ತ ಪಡೆದ ಗುಂಪಿನಲ್ಲಿ ಶೇಕಡಾ 95 ಜನ ಬದುಕಿದ್ದರು, ಧಾರಾಳವಾಗಿ ಪಡೆದ ಗುಂಪಿನಲ್ಲಿ ಶೇಕಡಾ 91. ಮರುರಕ್ತಸ್ರಾವವೂ ಮಿತದ ಗುಂಪಿನಲ್ಲಿ ಶೇಕಡಾ 10, ಧಾರಾಳದ ಗುಂಪಿನಲ್ಲಿ ಶೇಕಡಾ 16. ಹೆಚ್ಚು ರಕ್ತ ತುಂಬಿದಾಗ ಸಿರೋಸಿಸ್ ರೋಗಿಗಳ ಪೋರ್ಟಲ್ ಒತ್ತಡ ಏರುತ್ತಿದ್ದುದನ್ನು ಅವರು ಅಳೆದು ತೋರಿಸಿದರು. ತುಂಬಿದ ಕೊಡಕ್ಕೆ ನೀರು ಸುರಿದಂತೆ, ಮುಚ್ಚುತ್ತಿದ್ದ ಬಿರುಕು ಮತ್ತೆ ಬಾಯಿ ತೆರೆಯುತ್ತಿತ್ತು. ಪ್ರವಾಹದಂತೆ ರಕ್ತ ಹೋಗುತ್ತಿದ್ದವರನ್ನು ಈ ಪ್ರಯೋಗದಿಂದ ಹೊರಗಿಟ್ಟಿದ್ದರು ಎಂಬುದನ್ನು ಮರೆಯಬಾರದು. ಅಂಥವರಿಗೆ ರಕ್ತವೇ ಪ್ರಾಣ. ಯಕೃತ್ತು ತೀರ ಹದಗೆಟ್ಟವರಲ್ಲಿಯೂ ಎರಡು ಕ್ರಮಗಳ ನಡುವೆ ಅಂತರ ಕಾಣಲಿಲ್ಲ. ಪ್ರತಿಯೊಂದು ಸತ್ಯಕ್ಕೂ ಅದು ಅನ್ವಯಿಸುವ ಎಲ್ಲೆಯೊಂದಿದೆ.

ಈ ಎಲ್ಲೆಯ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸಿದುದು ಟ್ರಾನೆಕ್ಸಾಮಿಕ್ ಆಮ್ಲದ ಕಥೆ. ಜಪಾನಿನ ಉಟಾಕೊ ಒಕಾಮೋಟೊ ಮತ್ತು ಆಕೆಯ ಪತಿ ಷೋಸುಕೆ ಕಂಡುಹಿಡಿದ ಈ ಔಷಧವು ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುತ್ತದೆ. ಅಪಘಾತಗಳಲ್ಲಿ ಗಾಯಗೊಂಡ 20,211 ರೋಗಿಗಳ ಮೇಲೆ ನಡೆದ ಪ್ರಯೋಗವು ಇದರಿಂದ ಮರಣ ತಗ್ಗುತ್ತದೆಂದು 2010ರಲ್ಲಿ ಸಿದ್ಧಪಡಿಸಿತು. ಜೀರ್ಣಾಂಗದ ರಕ್ತಸ್ರಾವದಲ್ಲಿಯೂ ಅದು ಉಪಕಾರಿಯೆಂದು ಹಲವು ಸಣ್ಣ ಪ್ರಯೋಗಗಳು ಸೂಚಿಸಿದ್ದವು. ಲಂಡನ್ನಿನ ಸಂಶೋಧಕರ ನೇತೃತ್ವದಲ್ಲಿ ಪಾಕಿಸ್ತಾನ, ನೇಪಾಳ, ನೈಜೀರಿಯಾ, ಈಜಿಪ್ಟ್ ಮೊದಲಾದ 15 ದೇಶಗಳ 164 ಆಸ್ಪತ್ರೆಗಳಲ್ಲಿ 12,009 ರೋಗಿಗಳ ಮೇಲೆ ದೊಡ್ಡ ಪ್ರಯೋಗ ನಡೆಯಿತು. 2020ರಲ್ಲಿ ಹೊರಬಂದ ಉತ್ತರ: ಐದು ದಿನಗಳೊಳಗೆ ರಕ್ತಸ್ರಾವದಿಂದ ಸತ್ತವರು ಔಷಧದ ಗುಂಪಿನಲ್ಲಿ 222, ಹುಸಿ ಔಷಧದ ಗುಂಪಿನಲ್ಲಿ 226. ಅಂದರೆ ಲಾಭವಿಲ್ಲ. ಮೇಲಾಗಿ ಅಭಿಧಮನಿಗಳಲ್ಲಿ ಅಪಾಯಕರವಾಗಿ ರಕ್ತ ಹೆಪ್ಪುಗಟ್ಟುವುದು ಶೇಕಡಾ 0.4ರಿಂದ 0.8ಕ್ಕೆ ಏರಿತ್ತು. ಗಾಯದಲ್ಲಿ ಅಮೃತವಾದ ಔಷಧ ಜಠರದಲ್ಲಿ ನಿಷ್ಫಲವಾಯಿತು. ಅದೇ ವರ್ಷ ಹಾಂಗ್‌ಕಾಂಗ್‌ನ ಜೇಮ್ಸ್ ಲಾವ್ ಮತ್ತು ಸಂಗಡಿಗರು 516 ಗಂಭೀರ ರೋಗಿಗಳಲ್ಲಿ, ಆರು ಗಂಟೆಗಳೊಳಗೆ ಧಾವಿಸಿ ಎಂಡೋಸ್ಕೋಪಿ ಮಾಡುವುದರಿಂದ ಆರರಿಂದ ಇಪ್ಪತ್ತನಾಲ್ಕು ಗಂಟೆಗಳ ನಡುವೆ ಮಾಡುವುದಕ್ಕಿಂತ ಹೆಚ್ಚಿನ ಪ್ರಯೋಜನವಿಲ್ಲವೆಂದು ತೋರಿಸಿದರು. ಮೊದಲು ದ್ರವ ಹಾಗೂ ಔಷಧಗಳಿಂದ ರೋಗಿಯ ಸ್ಥಿತಿಯನ್ನು ಸ್ಥಿರಗೊಳಿಸಿ ಬಳಿಕ ನಳಿಕೆ ಇಳಿಸಿದರೂ ನಷ್ಟವಿಲ್ಲ.

ಇಂತಹ ಪ್ರಯೋಗಗಳ ಬಗ್ಗೆ ಒಂದು ನೈತಿಕ ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಪ್ರಾಣಾಪಾಯದಲ್ಲಿರುವ ಮನುಷ್ಯನ ಚಿಕಿತ್ಸೆಯನ್ನು ಚೀಟಿಯ ಮೇಲೆ ನಿರ್ಧರಿಸುವುದು ಕ್ರೌರ್ಯವಲ್ಲವೇ? ಪ್ರಜ್ಞೆಯೇ ಇಲ್ಲದವನ ಸಮ್ಮತಿಯನ್ನು ಪಡೆಯುವುದು ಹೇಗೆ? ಎರಡನೆಯ ಪ್ರಶ್ನೆಗೆ ಮಿತವಾದ ಪರಿಹಾರಗಳಿವೆ: ಸ್ವತಂತ್ರವಾದ ನೈತಿಕ ಸಮಿತಿಯ ಪೂರ್ವಾನುಮತಿ, ಬಂಧುಗಳ ಒಪ್ಪಿಗೆ, ಚೇತರಿಸಿಕೊಂಡ ಬಳಿಕ ರೋಗಿಯ ಒಪ್ಪಿಗೆ. ಮೊದಲನೆಯ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಡುತ್ತದೆ. ಯಾವ ಚಿಕಿತ್ಸೆ ಮೇಲೆಂದು ಯಾರಿಗೂ ತಿಳಿಯದಿರುವಾಗ ವೈದ್ಯನು ತನಗೆ ತೋಚಿದ್ದನ್ನು ಮಾಡುವುದೂ ಒಂದು ಪ್ರಯೋಗವೇ. ಅದರ ಫಲವನ್ನು ಯಾರೂ ಲೆಕ್ಕವಿಡುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಹೊಸ ಚಿಕಿತ್ಸೆಯನ್ನು ಮೊದಲ ರೋಗಿಯಿಂದಲೇ ಯಾದೃಚ್ಛಿಕವಾಗಿ ಹಂಚಬೇಕೆಂದು ಚಾಲ್ಮರ್ಸ್ ಜೀವನದುದ್ದಕ್ಕೂ ವಾದಿಸಿದ್ದು ಇದೇ ಕಾರಣಕ್ಕೆ. ಷಂಟ್ ಶಸ್ತ್ರಕ್ರಿಯೆಯ ಮೊದಲ ರೋಗಿಗಳಿಂದಲೇ ಹಾಗೆ ಮಾಡಿದ್ದರೆ, ಎರಡು ದಶಕಗಳ ಕಾಲ ನಿರಪಾಯವಾಗಿರಬಹುದಾಗಿದ್ದ ಅನೇಕರು ಶಸ್ತ್ರಕ್ಕೆ ಒಡ್ಡಿಕೊಳ್ಳುವುದು ತಪ್ಪುತ್ತಿತ್ತು.

ಈ ಇತಿಹಾಸದಿಂದ ಕ್ರಿಯೆಯೇ ಬೇಡವೆಂಬ ತೀರ್ಮಾನಕ್ಕೆ ಬರಲಾಗದು. ರಬ್ಬರ್ ಉಂಗುರವೂ ಪ್ರೊಪ್ರನಲಾಲೂ ಇದೇ ಪರೀಕ್ಷೆಯ ಕುಲುಮೆಯಲ್ಲಿ ಗೆದ್ದು ಬಂದವು, ಅವುಗಳಿಂದ ಲೆಕ್ಕವಿಲ್ಲದಷ್ಟು ಜನರಿಗೆ ಉಪಕಾರವಾಗಿದೆ. ಆದರೆ ಅವು ಗೆದ್ದುದು ತಮ್ಮ ಕರ್ತೃಗಳ ವಿಶ್ವಾಸದಿಂದಲ್ಲ. ಕ್ಯೋಟೋದ ಸೈನಿಕರು, ಬಾಸ್ಟನ್ನಿನ ಸಿರೋಸಿಸ್ ರೋಗಿಗಳು, ದೆಹಲಿ, ಬಾರ್ಸಿಲೋನಾಗಳ ವಾರ್ಡುಗಳಲ್ಲಿ ಮಲಗಿದ್ದವರು ತಮ್ಮ ಪಾಲಿಗೆ ಯಾವ ಗುಂಪು ಬಂದೀತೆಂದು ಅರಿಯದೆ ಭಾಗವಹಿಸಿದ್ದರಿಂದ ಈ ಜ್ಞಾನ ಸಿದ್ಧಿಸಿತು. ಅವರ ಹೆಸರುಗಳು ಯಾವ ವರದಿಯಲ್ಲಿಯೂ ಇಲ್ಲ. ಇಂದು ಯಾವುದೋ ಊರಿನ ತುರ್ತು ವಿಭಾಗದಲ್ಲಿ ರಕ್ತದ ಚೀಲವನ್ನು ಕೈಗೆತ್ತಿಕೊಂಡ ಕಿರಿಯ ವೈದ್ಯೆಯೊಬ್ಬಳು ಹಿಮೋಗ್ಲೋಬಿನ್ 8 ಇರುವುದನ್ನು ನೋಡಿ ಅದನ್ನು ಕೆಳಗಿಟ್ಟರೆ, ಅವಳ ಆ ಸಂಯಮದ ಹಿಂದೆ ಅವರೆಲ್ಲರ ಋಣವಿದೆ.